ಕೊಡಗಿಗೆ ಹೋಗುವಾಗ ಒಂದು ಖಾಲಿ ಚೀಲ ಇರಲಿ

ಹೋದ ಊರಿನಲ್ಲೆಲ್ಲ ಪುಸ್ತಕದಂಗಡಿ ಹುಡುಕುವುದು ನನ್ನ ಹಳೇ ಚಟ. ಕೊಡಗಿಗೆ ಹೊರಟಾಗಲೂ ಅದನ್ನೇ ಹೇಳಿದೆ. ತಂಗಿ ನಕ್ಕುಬಿಟ್ಟಳು. "ಅಕ್ಕಾ, ಎಲ್ಲರೂ ಅಲ್ಲಿಂದ ಕಾಫಿಪುಡಿ, ಜೇನುತುಪ್ಪ ತರ್ತಾರೆ. ನೀನು ಪುಸ್ತಕ ತರ್ತೀಯಾ?" ಅಂದಳು. ತಂದೇ ತಂದೆ. ಹೇಗೆ ಅಂತ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಆಮೇಲೆ ಮಡಿಕೇರಿಗೆ ಸುಮಾರು 120 ಕಿ.ಮೀ. ಬಸ್ಸು. ಮೈಸೂರಿನಲ್ಲಿ ಒಂದೆರಡು ಗಂಟೆ ಉಳಿದರೆ ಕೊಡಗಿನ ಗೌರಮ್ಮನ ಕಥೆಗಳನ್ನು ಅಲ್ಲೇ ಹುಡುಕಿ ಕೊಂಡುಬಿಡಿ. ಮಡಿಕೇರಿಯಲ್ಲಿ ಹುಟ್ಟಿ, ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿ ಎಸ್ಟೇಟಿನಲ್ಲಿ ಸಂಸಾರ ಮಾಡಿಕೊಂಡು ಬರೆದವರು. ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನೋ ಹೆಸರಿನಲ್ಲಿ ಕಥೆ ಕಳಿಸುತ್ತಿದ್ದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಬರೀ 27 ವರ್ಷ. ಕುಶಾಲನಗರ ದಾಟಿ ಬಸ್ಸು ಸುಂಟಿಕೊಪ್ಪದ ಕಡೆ ಏರುವಾಗ ನನ್ನ ತೊಡೆ ಮೇಲೆ ಅವರ ಪುಸ್ತಕವೇ ತೆರೆದಿತ್ತು. ತಿರುವು ಜಾಸ್ತಿ, ತಲೆ ಸುತ್ತಿ ಎರಡು ಪುಟಕ್ಕೆ ಮುಚ್ಚಿಟ್ಟೆ, ಅದು ಬೇರೆ ಮಾತು.

ಮಡಿಕೇರಿಯಲ್ಲಿ ದೊಡ್ಡ ಪುಸ್ತಕ ಮಳಿಗೆಯ ಆಸೆ ಇಟ್ಟುಕೊಳ್ಳಬೇಡಿ. ಚೌಕಿ, ಮಹದೇವಪೇಟೆ, ಕಾಲೇಜು ರಸ್ತೆ ಅಂತ ನಾನು ಸುತ್ತಿದ್ದು ಹೆಚ್ಚಾಗಿ ಸ್ಟೇಷನರಿ ಅಂಗಡಿಗಳನ್ನೇ. 'ಬುಕ್ ಸ್ಟಾಲ್' ಅಂತ ಬೋರ್ಡಿದ್ದರೂ ಒಳಗೆ ನೋಟ್‌ಬುಕ್, ಗೈಡು, ಪೆನ್ನು, ಡ್ರಾಯಿಂಗ್ ಶೀಟು. ಅಲ್ಲಿಗೇ ವಾಪಸ್ ಬಂದರೆ ಕೆಟ್ಟಿರಿ. "ಕೊಡಗಿನ ಬಗ್ಗೆ ಪುಸ್ತಕ ಏನಾದ್ರೂ ಇದ್ಯಾ?" ಅಂತ ಬಾಯಿಬಿಟ್ಟು ಕೇಳಬೇಕು. ಶುಕ್ರವಾರ ಮಾತ್ರ ಬೇಡ, ಅವತ್ತು ಸಂತೆ. ಯಾರಿಗೂ ಪುರುಸೊತ್ತಿರಲ್ಲ.

ನಾನು ಮಾಡಿದ ದೊಡ್ಡ ಎಡವಟ್ಟು ಇನ್ನೊಂದಿದೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ (ಇಲ್ಲಿನ ಗೌಡರು ಆಡುವ, ಕನ್ನಡದ್ದೇ ಒಂದು ಬಗೆ) ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ಎರಡೂ ಪುಸ್ತಕ ಪ್ರಕಟಿಸುತ್ತವೆ. ನಾವು ಕಾಲಿಟ್ಟಿದ್ದು ಎರಡನೇ ಶನಿವಾರ! ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ, ಭಾನುವಾರವಂತೂ ಕೇಳುವುದೇ ಬೇಡ. ಪ್ರವಾಸಿಗರು ಬರೋದು ಮಾತ್ರ ಸರಿಯಾಗಿ ಆ ಎರಡು ದಿನವೇ. ಸೋಮವಾರಕ್ಕೊಂದು ದಿನ ಎತ್ತಿಡಿ, ಇಲ್ಲವೇ ಶುಕ್ರವಾರ ಬೆಳಗ್ಗೆಯೇ ಬಂದು ಅಕಾಡೆಮಿ ಮುಗಿಸಿ, ಅಂಗಡಿ ಮಾತ್ರ ಮರುದಿನಕ್ಕಿರಲಿ.

ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ಬರೆಯುವುದು ಕನ್ನಡ ಅಕ್ಷರದಲ್ಲೇ. ಹಾಗಾಗಿ ನಮಗೆ ಓದಲು ಬರುತ್ತದೆ, ಅರ್ಥ ಮಾತ್ರ ಅರ್ಧಕ್ಕೇ ಕೈಕೊಡುತ್ತದೆ. ಅರೆಭಾಷೆ ಅಷ್ಟು ಸತಾಯಿಸುವುದಿಲ್ಲ. ಕೊಡವರ ಹಾಡುಗಳ ದೊಡ್ಡ ಸಂಗ್ರಹ ಅಂದರೆ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. 1924ರಲ್ಲಿ ಅಚ್ಚಾಯಿತು. ದುಡಿ ಬಡಿಯುತ್ತ ಹಾಡುವ ಪದಗಳನ್ನು ಕೇಳಿ ಕೇಳಿ ಬರೆದಿಟ್ಟಿದ್ದು. ಅರ್ಥ ಬೇಕೆಂದರೆ ಅವರ ಮೊಮ್ಮಕ್ಕಳು ಮಾಡಿದ ಇಂಗ್ಲಿಷ್ ಅನುವಾದವಿದೆ, 2003ರಲ್ಲಿ ಬಂದಿದ್ದು. ಅಂಗಡಿಯಲ್ಲಿ ಕೇಳುವಾಗ ಈ ಹೆಸರು ಹೇಳಿದರೆ ಸಾಕು, ಎದುರಿಗಿರುವವರ ಮುಖವೇ ಬದಲಾಗುತ್ತದೆ.

ನನಗೆ ಹಾಗೆ ಆಗಿದ್ದು ವಿರಾಜಪೇಟೆಯಲ್ಲಿ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ. ಸಣ್ಣ ಅಂಗಡಿ, ಹೊರಗೆ ಸಣ್ಣ ಮಳೆ. ಗಲ್ಲಾದಲ್ಲಿ ಕೂತಿದ್ದ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಯಾವ ಊರಮ್ಮ?"

"ಬೆಂಗಳೂರು ಸಾರ್."

"ಓದ್ಲಿಕ್ಕಾ, ಫೋಟೋ ತೆಗೀಲಿಕ್ಕಾ?"

ಓದೋಕೇ ಅಂದೆ. ಎದ್ದು ಹೋಗಿ ಕೆಳಗಿನ ಶೆಲ್ಫಿನಿಂದ ಪೇಪರ್ ಸುತ್ತಿದ ಒಂದು ಕಟ್ಟು ತಂದರು. ಬಿಚ್ಚಿದಾಗ ನುಸಿಗುಳಿಗೆ ಎರಡು ಉರುಳಿ ಮೇಜಿನ ಮೇಲೆ ಬಿದ್ದವು. ಒಳಗೆ ಐದಾರು ತೆಳು ಪುಸ್ತಕ. ಒಂದು ಕೊಡಗಿನ ಗಾದೆಗಳದ್ದು. ಯಾರೋ ನಿವೃತ್ತ ಮೇಷ್ಟ್ರು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದಂತೆ. ಪಿನ್ನಿಗೆ ತುಕ್ಕು ಹಿಡಿದು ನಡುಪುಟದಲ್ಲಿ ಎರಡು ಕಂದು ಚುಕ್ಕೆ ಕೂತಿದ್ದವು. ಅವರು ಒಣ ಬಟ್ಟೆಯಲ್ಲಿ ರಟ್ಟು ಒರೆಸಿ, ಒಂದು ಗಾದೆ ಜೋರಾಗಿ ಓದಿ, ತಾವೇ ನಕ್ಕು, ಆಮೇಲೆ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹಿಂದಿನ ರಟ್ಟಿನಲ್ಲಿ ಬೆಲೆ ಮೂವತ್ತು ರೂಪಾಯಿ. ಮೂವತ್ತೇ ತೆಗೆದುಕೊಂಡರು. ಇಂಥವು ಬೆಂಗಳೂರಿನಲ್ಲೂ ಸಿಗುವುದಿಲ್ಲ, ಆನ್‌ಲೈನ್‌ನಲ್ಲೂ ಸಿಗುವುದಿಲ್ಲ. ಆಮೇಲೆ ನೋಡೋಣ ಅಂತ ಬಿಟ್ಟು ಬಂದರೆ ಹೋಯಿತು, ಕಂಡಾಗಲೇ ಎತ್ತಿಕೊಳ್ಳಿ.

ಇನ್ನು ಥಂಡಿಯ ಕಥೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕಕ್ಕೋಸ್ಕರ ಹೋಗುವುದಾದರೆ ನಾನಂತೂ ಬೇಡ ಅನ್ನುತ್ತೇನೆ. ನವೆಂಬರ್ ಆದ ಮೇಲೆ ಒಳ್ಳೆಯದು. ಆದರೂ ಮಂಜು ಇದ್ದೇ ಇರುತ್ತದೆ. ಹೋಮ್‌ಸ್ಟೇ ಜಗಲಿಯ ಕುರ್ಚಿ ಮೇಲೆ ರಾತ್ರಿ ಒಂದು ಕಾದಂಬರಿ ಮರೆತೆ. ಬೆಳಗ್ಗೆ ನೋಡಿದರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ವಾಪಸ್ ಬರುವಾಗ ಬಸ್ಸಿನ ಡಿಕ್ಕಿಯೊಳಗೆ ನೀರು ಸೋರಿ ಇನ್ನೊಂದು ಚೀಲದ ತಳ ನೆನೆಯಿತು. ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ತೊಡೆ ಮೇಲೇ ಇಟ್ಟುಕೊಳ್ಳಿ. ನೆನೆದರೆ ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಸಾಹಸವೂ ಬೇಡ. ಪುಟಗಳ ನಡುವೆ ಬಿಳಿ ಕಾಗದ ಇಟ್ಟು ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಿಸಿ. ಪೂರ್ತಿ ಆರಿದ ಮೇಲೆ ಭಾರ ಹೇರಿ.

ಮೊದಲಾಗಿದ್ದರೆ ಅಂಚೆಯಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಮಾಡಿ ಕೈಬೀಸಿಕೊಂಡು ಬರಬಹುದಿತ್ತು, ಅಗ್ಗವೂ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನನಗೆ ಇನ್ನೂ ಸಿಟ್ಟಿದೆ. ಹೊತ್ತುಕೊಂಡು ಬರಲು ಸಿದ್ಧರಾಗಿಯೇ ಹೋಗಿ.

ಕುಶಾಲನಗರದ ಪಕ್ಕದ ಬೈಲುಕುಪ್ಪೆಗೆ ಎಲ್ಲರೂ ಹೇಗೂ ಹೋಗುತ್ತಾರೆ. ಜಿಲ್ಲೆ ಮೈಸೂರು, ಇರಲಿ ಬಿಡಿ. ಬಂಗಾರದ ಬುದ್ಧನ ಮುಂದೆ ಸೆಲ್ಫಿ ಆದ ಮೇಲೆ ಟಿಬೆಟಿನವರ ಧರ್ಮಗ್ರಂಥಗಳನ್ನೂ ಗಮನಿಸಿ. ಹೊಲಿಗೆ ಇಲ್ಲ, ರಟ್ಟಿನ ಬೈಂಡಿಂಗ್ ಇಲ್ಲ. ಉದ್ದುದ್ದ ಬಿಡಿ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ನಮ್ಮ ತಾಳೆಗರಿ ಕಟ್ಟು ನೋಡಿದ ಹಾಗೇ ಆಗುತ್ತದೆ ಅಲ್ವಾ?

ಆ ಗಾದೆ ಪುಸ್ತಕ ತಂಗಿಗೂ ಬೇಕಾಯಿತು. ವಿರಾಜಪೇಟೆಯ ಅಂಗಡಿಯಲ್ಲಿ ಇದ್ದದ್ದು ಒಂದೇ. "ಮೇಷ್ಟ್ರ ಮನೆ ಅಟ್ಟದಲ್ಲಿ ಇನ್ನೂ ಉಂಟಂತೆ. ಸಂತೆಗೆ ಬಂದಾಗ ಕೇಳಿ ಇಡ್ತೇನೆ" ಅಂತ ಹೇಳಿ, ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ನನ್ನ ನಂಬರ್ ಬರೆದುಕೊಂಡರು. ಇನ್ನೂ ಫೋನ್ ಬಂದಿಲ್ಲ. ನೀವು ಆ ಕಡೆ ಹೋದಾಗ ಕಣ್ಣಿಗೆ ಬಿದ್ದರೆ ಎರಡು ಪ್ರತಿ ತೆಗೆದುಕೊಳ್ಳಿ, ಒಂದು ನನ್ನ ತಂಗಿಗೆ.