ಒಂದು ಡಬ್ಬಿ, ಎರಡು ದೂರು

ಆ ಶನಿವಾರ ನಾನು ಮೊದಲಿಗೆ ಬಾನೆಟ್ ಎತ್ತಲಿಲ್ಲ. ವೈರಿಂಗ್ ಚಿತ್ರಗಳ ಪ್ರಿಂಟ್ ತೆಗೆದುಕೊಂಡು, ನೆಲದ ಮೇಲೆ ಹರಡಿಕೊಂಡು ಕೂತೆ. ಪಕ್ಕದಲ್ಲಿ ನಾಲ್ಕು ಬಣ್ಣದ ಪೆನ್ಸಿಲ್. ಮೂರು ತಿಂಗಳಿಂದ ಕೈಗೆ ಸಿಗದೆ ಓಡಾಡುತ್ತಿದ್ದ ಒಂದು ತೊಂದರೆಯನ್ನು ಈ ಸಲ ಸ್ಪ್ಯಾನರ್ ಇಲ್ಲದೆ ಹುಡುಕಬೇಕು ಅಂತ ತೀರ್ಮಾನ ಮಾಡಿದ್ದೆ.

ಕಾರು 1990ರ ಮರ್ಸಿಡಿಸ್ 230ಇ. ಮಾಡೆಲ್ ಸಂಖ್ಯೆಯಲ್ಲಿ ಹೇಳುವುದಾದರೆ ಡಬ್ಲ್ಯೂ 124. 1984ರ ಕೊನೆಗೆ ಹೊರಬಂದು, ಸೆಡಾನ್ ರೂಪದಲ್ಲಿ 1995ರವರೆಗೆ ತಯಾರಾದ ಸರಣಿ. ಒಳಗೆ 2.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಅದಕ್ಕೆ ಪೆಟ್ರೋಲ್ ಉಣಿಸುವುದು ಬಾಷ್ ಕಂಪನಿಯ ಕೆಇ-ಜೆಟ್ರಾನಿಕ್ ಅನ್ನುವ ವ್ಯವಸ್ಥೆ. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದರೆ ಕಥೆಯ ಅರ್ಧ ಅದರಲ್ಲೇ ಇದೆ.

ಈಗಿನ ಕಾರುಗಳಲ್ಲಿ ಇಂಜೆಕ್ಟರ್ ತೆರೆದು ಮುಚ್ಚಿ ಪೆಟ್ರೋಲ್ ಬಿಡುತ್ತದೆ. ಕೆಇಯಲ್ಲಿ ಹಾಗಲ್ಲ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಬರುತ್ತಲೇ ಇರುತ್ತದೆ. ಒಳಗೆ ಹೋಗುವ ಗಾಳಿ ಒಂದು ದುಂಡನೆಯ ತಟ್ಟೆಯನ್ನು ಕದಲಿಸುತ್ತದೆ. ತಟ್ಟೆ ಎಷ್ಟು ಕದಲಿದೆಯೋ ಅದಕ್ಕೆ ತಕ್ಕಷ್ಟು ಪೆಟ್ರೋಲ್. ಪೂರ್ತಿ ಯಾಂತ್ರಿಕ ಲೆಕ್ಕ. ಅದರ ಮೇಲೆ ಒಂದು ಚಿಕ್ಕ ಕಂಟ್ರೋಲ್ ಯೂನಿಟ್ ಕೂತು, ತಣ್ಣಗಿದ್ದಾಗ ಸ್ವಲ್ಪ ಜಾಸ್ತಿ, ಬಿಸಿಯಾದಾಗ ಸ್ವಲ್ಪ ಕಡಿಮೆ ಅಂತ ತಿದ್ದುತ್ತದೆ. ಆ ಯೂನಿಟ್‌ಗೆ ಬರುವ ಕರೆಂಟ್ ನಿಂತರೂ ಎಂಜಿನ್ ಓಡುತ್ತದೆ, ಆದರೆ ತಿದ್ದುವವರು ಇರುವುದಿಲ್ಲ. ಎಂಥ ಚೆಂದದ ಯೋಚನೆ ಅಲ್ವಾ? ನನಗಂತೂ ಆ ತಟ್ಟೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಅದರ ಭಾರ ನೋಡುವುದೇ ಒಂದು ಖುಷಿ.

ನನ್ನ ಕಾರಿನ ದೂರು ಎರಡು. ಒಂದು, ಇಪ್ಪತ್ತು ನಿಮಿಷ ಓಡಿದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಐಡಲ್, ಅಂದರೆ ಕಾರು ನಿಂತಿರುವಾಗ ಎಂಜಿನ್ ತಿರುಗುವ ವೇಗ, ಒಂದೇ ಸಮ ಇರುತ್ತಿರಲಿಲ್ಲ. ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ಇರಬೇಕಾದ ಮುಳ್ಳು 600ಕ್ಕೆ ಇಳಿಯುತ್ತಿತ್ತು, 1300ಕ್ಕೆ ಹಾರುತ್ತಿತ್ತು. ಒಮ್ಮೊಮ್ಮೆ ಎಂಜಿನ್ ಸುಮ್ನೆ ಆಫ್ ಆಗುತ್ತಿತ್ತು. ಇನ್ನೊಂದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ನ ಹಳದಿ ದೀಪ ಆಗಾಗ ಹತ್ತುತ್ತಿತ್ತು. ನೋಟ್‌ಬುಕ್‌ನಲ್ಲಿ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟಿದ್ದೆ. ಒಂದು ಎಂಜಿನ್‌ನದು, ಒಂದು ಬ್ರೇಕಿನದು. ಎಬಿಎಸ್‌ಗೆ ಚಕ್ರದ ಸೆನ್ಸರ್ ಕಾರಣ ಇರಬೇಕು, ಆಮೇಲೆ ನೋಡೋಣ ಅಂದುಕೊಂಡಿದ್ದೆ.

ಐಡಲ್‌ಗಾಗಿ ಏನೇನೋ ಬದಲಾಯಿಸಿದೆ. ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್. ಐಡಲ್ ವಾಲ್ವ್ ಬಿಚ್ಚಿ ತೊಳೆದೆ. ಗಾಳಿ ತಟ್ಟೆಯ ಕೆಳಗಿರುವ ರಬ್ಬರ್ ಬೂಟ್ ನಿಜವಾಗಿಯೂ ಬಿರಿದಿತ್ತು. ಅದನ್ನು ಹಿಡಿದದ್ದು ಒಂದು ಸುಲಭದ ಪರೀಕ್ಷೆಯಿಂದ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗಿ ಐಡಲ್ ಕುಗ್ಗಬೇಕು. ನನ್ನದರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಅಂದರೆ ಗಾಳಿ ಮೊದಲೇ ಬೇರೆ ಕಡೆಯಿಂದ ಕಳ್ಳದಾರಿಯಲ್ಲಿ ಬರುತ್ತಿತ್ತು. ಬೂಟ್ ಬದಲಾಯಿಸಿದೆ, ಕಾರು ಸ್ವಲ್ಪ ಸುಧಾರಿಸಿತು. ಎರಡು ವಾರ ನೆಮ್ಮದಿ. ಆಮೇಲೆ ಮತ್ತೆ ಅದೇ ಆಟ.

ಹಳೆ ಕಾರಿನ ಕಷ್ಟ ಇದೇ. ತೊಂದರೆ ಒಂದೇ ಇರುವುದಿಲ್ಲ. ಒಂದನ್ನು ಸರಿ ಮಾಡಿದರೆ ಅರ್ಧ ವಾಸಿಯಾಗುತ್ತದೆ, ಉಳಿದ ಅರ್ಧ ಬೇರೆ ಯಾವುದರದೋ. 1990ರ ಕಾರಿಗೆ ಸ್ಕ್ಯಾನರ್ ಚುಚ್ಚಿ ಕೋಡ್ ಓದುವ ಅನುಕೂಲವೂ ಇಲ್ಲ. ಈಗ ಎಲ್ಲ ಕಾರುಗಳಲ್ಲಿರುವ ಓಬಿಡಿ-2 ಸಾಕೆಟ್ ಅಮೆರಿಕದಲ್ಲಿ ಕಡ್ಡಾಯವಾದದ್ದೇ 1996ರ ಮಾಡೆಲ್‌ಗಳಿಂದ.

ಕೊನೆಗೆ ನನಗೆ ಪರಿಚಯವಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಈ ಸರಣಿಯ ಕಾರುಗಳ ಮೇಲೆ ಆಯುಷ್ಯ ಕಳೆದವರು. ಐಡಲ್ ಕಥೆ ಪೂರ್ತಿ ಹೇಳಿದೆ. ಕೇಳಿಸಿಕೊಂಡು, "ಎಬಿಎಸ್ ದೀಪನೂ ಹತ್ತುತ್ತಾ?" ಅಂದರು. ಅದನ್ನು ನಾನು ಹೇಳಿರಲೇ ಇಲ್ಲ.

"ಹತ್ತುತ್ತೆ ಸರ್. ಆದರೆ ಅದು ಬೇರೆ ಸಮಸ್ಯೆ."

"ಬೇರೆ ಅಂತ ಯಾರು ಹೇಳಿದ್ದು? ಎರಡೂ ಒಟ್ಟಿಗೇ ಬರ್ತವಾ, ಬೇರೆ ಬೇರೆ ಹೊತ್ತಿಗೆ ಬರ್ತವಾ? ಮೊದಲು ಅದನ್ನ ನೋಡಪ್ಪ."

ನೋಡಿದೆ. ಆ ವಾರ ಆರು ಸಲ ಐಡಲ್ ಕುಣಿಯಿತು. ಆರೂ ಸಲ ಹಳದಿ ದೀಪ ಹತ್ತಿತ್ತು. ಅದಕ್ಕೇ ಶನಿವಾರ ಪೆನ್ಸಿಲ್ ಹಿಡಿದು ಕೂತದ್ದು.

ಜರ್ಮನ್ ವೈರಿಂಗ್ ಚಿತ್ರ ಮೊದಲ ಸಲ ನೋಡಿದಾಗ ತಲೆ ಸುತ್ತುತ್ತದೆ. ಆದರೆ ಅದರೊಳಗೆ ಒಂದು ಶಿಸ್ತಿದೆ. ಟರ್ಮಿನಲ್‌ಗಳಿಗೆ ಡಿಐಎನ್ 72552 ಅನ್ನುವ ಗುಣಮಟ್ಟದ ಪ್ರಕಾರ ಅಂಕಿ ಕೊಟ್ಟಿರುತ್ತಾರೆ. 30 ಅಂದರೆ ಬ್ಯಾಟರಿಯಿಂದ ನೇರ ಬರುವ ಪ್ಲಸ್. 15 ಅಂದರೆ ಕೀ ತಿರುಗಿಸಿದ ಮೇಲೆ ಬರುವ ಪ್ಲಸ್. 31 ಅರ್ತ್. 50 ಸ್ಟಾರ್ಟರ್‌ಗೆ ಹೋಗುವುದು. 87 ರಿಲೇಯಿಂದ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚಿನಿಂದ, ಹೊರಬರುವುದು. ಮರ್ಸಿಡಿಸ್ ಇರಲಿ, ಬಿಎಂಡಬ್ಲ್ಯೂ ಇರಲಿ, ಫೋಕ್ಸ್‌ವ್ಯಾಗನ್ ಇರಲಿ, ಅಂಕಿ ಇದೇ. ಒಂದರಲ್ಲಿ ಕಲಿತರೆ ಎಲ್ಲದರಲ್ಲೂ ನಡೆಯುತ್ತದೆ. ವೈರಿನ ಬಣ್ಣಗಳೂ ಹಾಗೇ. ಅರ್ತ್ ವೈರ್ ಕಪ್ಪು ಇರುತ್ತದೆ ಅಂತ ಹುಡುಕಿದರೆ ಮೋಸ ಹೋಗುತ್ತೇವೆ. ಈ ಕಾರುಗಳಲ್ಲಿ ಅರ್ತ್ ಕಂದು. ಚಿತ್ರದಲ್ಲಿ ಬಿಆರ್ ಅಂತ ಬರೆದಿರುತ್ತದೆ, ಬ್ರೌನ್ ಅನ್ನುವ ಜರ್ಮನ್ ಪದದ ಗುರುತು. ಕೆಂಪಿಗೆ ಆರ್‌ಟಿ, ಕಪ್ಪಿಗೆ ಎಸ್‌ಡಬ್ಲ್ಯೂ.

ಎಬಿಎಸ್ ಯೂನಿಟ್‌ನ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಹಸಿರು ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ. ಕೆಇ ಕಂಟ್ರೋಲ್ ಯೂನಿಟ್‌ನದು ನೀಲಿಯಲ್ಲಿ. ಮೂರು ಹಾಳೆ ದಾಟಿ ಎರಡೂ ಗೆರೆ ಒಂದೇ ಪೆಟ್ಟಿಗೆಯ ಒಂದೇ ಕಾಲಿಗೆ (ಪಿನ್ನಿಗೆ) ಬಂದು ಸೇರಿದವು. 87ಇ. ಪೆಟ್ಟಿಗೆಯ ಹೆಸರು ಓವರ್‌ವೋಲ್ಟೇಜ್ ಪ್ರೊಟೆಕ್ಷನ್ ರಿಲೇ. ನೆಲದ ಮೇಲೆ ಕೂತಿದ್ದವನು ಎದ್ದು ನಿಂತುಬಿಟ್ಟೆ. ಎಂಜಿನ್ ಪುಟ, ಬ್ರೇಕ್ ಪುಟ ಅಂತ ನಾನು ಬೇರೆ ಮಾಡಿದ್ದನ್ನು ಈ ಕಾರು ಎಂದೂ ಬೇರೆ ಮಾಡಿರಲಿಲ್ಲ.

ಈ ರಿಲೇ ಒಂದು ಅಲ್ಯೂಮಿನಿಯಂ ಡಬ್ಬಿ. ಬ್ಯಾಟರಿಯ ಹಿಂದಿನ ಪ್ಲಾಸ್ಟಿಕ್ ಮರೆಯಾಚೆ ಕೂತಿರುತ್ತದೆ. ತಲೆಯ ಮೇಲೆ 10 ಆಂಪಿಯರ್ ಫ್ಯೂಸ್. ಕೀ ತಿರುಗಿಸಿದಾಗ ಕಂಟ್ರೋಲ್ ಯೂನಿಟ್‌ಗಳಿಗೆ ಕರೆಂಟ್ ಕೊಡುವುದು ಇದರ ಕೆಲಸ. ಆಲ್ಟರ್ನೇಟರ್ ಕೆಟ್ಟೋ, ಜಂಪ್ ಸ್ಟಾರ್ಟ್ ಮಾಡುವಾಗ ಎಡವಟ್ಟಾಗಿಯೋ ವೋಲ್ಟೇಜ್ ವಿಪರೀತ ಏರಿದರೆ, ಒಳಗಿನ ಜೀನರ್ ಡಯೋಡ್ ಅದನ್ನು ಅರ್ತ್‌ಗೆ ಇಳಿಸಿ ಫ್ಯೂಸ್ ಸುಡುತ್ತದೆ. ದುಬಾರಿ ಯೂನಿಟ್‌ಗಳು ಉಳಿದುಕೊಳ್ಳುತ್ತವೆ.

ಆಗ ಬಾನೆಟ್ ಎತ್ತಿದೆ. (ಈ ಸರಣಿಯ ಬಾನೆಟ್ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ. ರಿಪೇರಿ ಮಾಡುವವರನ್ನು ನೆನೆದು ಮಾಡಿದ ಏರ್ಪಾಡು. ಪ್ರತಿ ಸಲ ಎತ್ತಿದಾಗಲೂ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.) ಬ್ಯಾಟರಿ ವೈರ್ ಬಿಚ್ಚಿ ರಿಲೇ ಹೊರತೆಗೆದೆ. ಫ್ಯೂಸ್ ಚೆನ್ನಾಗಿತ್ತು. ಮೇಜಿನ ಮೇಲೆ ಇನ್ನೊಂದು ಬ್ಯಾಟರಿಯಿಂದ, ಫ್ಯೂಸ್ ಹಾಕಿದ ವೈರಿನಲ್ಲಿ 30ಕ್ಕೂ 15ಕ್ಕೂ ಪ್ಲಸ್ ಕೊಟ್ಟೆ, 31ಕ್ಕೆ ಮೈನಸ್. ಟಕ್ ಅಂತ ಸದ್ದು ಬಂತು. 87ಇ ಮೇಲೆ ಮೀಟರ್ ಇಟ್ಟೆ. 12.5 ವೋಲ್ಟ್. ಬ್ಯಾಟರಿಯಲ್ಲಿ ಎಷ್ಟಿತ್ತೋ ಅಷ್ಟೇ.

ಮನಸ್ಸು ಕುಸಿಯಿತು. ಮತ್ತೆ ಫೋನ್.

"ಬರೀ ಮೀಟರ್ ಇಟ್ಟರೆ ಏನು ಗೊತ್ತಾಗುತ್ತಪ್ಪ? ಬಲ್ಬ್ ಹಾಕು. ಬಿಸಿ ಮಾಡು."

ಇದು ನನಗೆ ಹೊಳೆದಿರಲಿಲ್ಲ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕೆಲಸ ಕೊಟ್ಟಾಗಲೇ ನಿಜ ಹೊರಬರುವುದು. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಜೋಡಿಸಿದೆ. ಅದು ಹೆಚ್ಚುಕಡಿಮೆ 1.75 ಆಂಪಿಯರ್ ಎಳೆಯುತ್ತದೆ. ಬಲ್ಬ್ ಚೆನ್ನಾಗಿಯೇ ಉರಿಯಿತು. ಆಮೇಲೆ ಕೂದಲು ಒಣಗಿಸುವ ಡ್ರೈಯರ್ ತಂದು ಡಬ್ಬಿಗೆ ಹಿಡಿದೆ. ಒಂದು ನಿಮಿಷ, ಎರಡು ನಿಮಿಷ. ನಾಲ್ಕನೇ ನಿಮಿಷಕ್ಕೆ ಬಲ್ಬ್ ಒಮ್ಮೆ ಕಣ್ಣು ಮಿಟುಕಿಸಿತು. ಮತ್ತೆ ಮಂಕಾಯಿತು. ಮೀಟರ್ 7 ವೋಲ್ಟ್ ತೋರಿಸುತ್ತಿತ್ತು. ಡಬ್ಬಿಯನ್ನು ಬೆರಳಲ್ಲಿ ತಟ್ಟಿದೆ, ಬಲ್ಬ್ ಹೊಳೆಯಿತು. ಮತ್ತೆ ತಟ್ಟಿದೆ, ಆರಿತು.

ಮೂರು ತಿಂಗಳು ಸಿಗ್ನಲ್‌ಗಳಲ್ಲಿ ನನ್ನನ್ನು ಕಾಡಿದ್ದು ಮೇಜಿನ ಮೇಲೆ ಕಣ್ಣೆದುರಿಗೇ ನಡೆಯುತ್ತಿತ್ತು.

ಡಬ್ಬಿಯ ಅಂಚನ್ನು ಮೆಲ್ಲಗೆ ಬಿಡಿಸಿ ತೆರೆದೆ. ಬೋರ್ಡಿನ ಕೆಳಗೆ ಭೂತಗನ್ನಡಿ ಹಿಡಿದು ನೋಡಿದರೆ, ದಪ್ಪ ಕಾಲುಗಳ ಸುತ್ತ ಸೋಲ್ಡರ್‌ನಲ್ಲಿ ಉಂಗುರದ ಹಾಗೆ ಸಣ್ಣ ಬಿರುಕು. ಮೂರು ದಶಕಕ್ಕೂ ಜಾಸ್ತಿ ಕಾಲ ಬಿಸಿಯಾಗಿ, ತಣ್ಣಗಾಗಿ, ಅದುರಿ ಬಂದ ಬಿರುಕು. ವಯಸ್ಸಿನ ಕೆಲಸ ಅಷ್ಟೇ. ಹಳೆ ಗಾಲ್ಫ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಫ್ಯೂಯಲ್ ಪಂಪ್ ರಿಲೇಯಲ್ಲಿ ಇಂಥದ್ದೇ ಉಂಗುರ ಕಂಡಿದ್ದಾನೆ. ಹಳೆ ಸೋಲ್ಡರ್ ಪೂರ್ತಿ ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, ಹೊಸದು ಹಾಕಿದೆ. ಕಾಲು ದಪ್ಪ ಇರುವುದರಿಂದ ಅದೇ ಶಾಖವನ್ನೆಲ್ಲ ಹೀರಿಬಿಡುತ್ತದೆ. ಚೂಪು ತುದಿಯ ಸಣ್ಣ ಐರನ್ ಸಾಲಲಿಲ್ಲ, ಅಗಲ ತುದಿಯದು ಬೇಕಾಯಿತು. ಮತ್ತೆ ಬಲ್ಬ್, ಮತ್ತೆ ಡ್ರೈಯರ್. ಹದಿನೈದು ನಿಮಿಷ ಬಿಸಿ ಹಿಡಿದರೂ ಬಲ್ಬ್ ಅಲುಗಲಿಲ್ಲ.

ಸಂಜೆ ನಲವತ್ತು ನಿಮಿಷ ಓಡಿಸಿದೆ. ದೀಪ ಹತ್ತಲಿಲ್ಲ, ಮುಳ್ಳು ಕುಣಿಯಲಿಲ್ಲ.

ಆದರೂ ಎಬಿಎಸ್ ನಂಬಿಕೊಂಡಿರುವ ಭಾಗ ಅದು. ನಾನು ಬೆಸೆದದ್ದನ್ನೇ ಕಾಯಂ ಬಿಡಲು ಮನಸ್ಸು ಒಪ್ಪಲಿಲ್ಲ. ಹೊಸದು ಹುಡುಕತೊಡಗಿದೆ. ಇಲ್ಲಿ ಒಂದು ತಪ್ಪು ಮಾಡಿದೆ, ಬೇರೆಯವರಿಗೆ ತಪ್ಪಲಿ ಅಂತ ಬರೆಯುತ್ತಿದ್ದೇನೆ. 'ಎಲ್ಲ 124 ಕಾರುಗಳಿಗೂ ಸರಿಹೊಂದುತ್ತದೆ' ಅಂತ ಒಬ್ಬ ಮಾರಾಟಗಾರ ಹಾಕಿದ್ದ ಫೋಟೋ ನೋಡಿ ತರಿಸಿದೆ. ಅದೇ ಬೆಳ್ಳಿ ಬಣ್ಣ, ಅದೇ ಆಕಾರ. ತಿರುಗಿಸಿ ನೋಡಿದರೆ ಕಾಲುಗಳ ಸಂಖ್ಯೆಯೇ ಬೇರೆ. ಈ ರಿಲೇಯಲ್ಲಿ ಒಂದು ಫ್ಯೂಸಿನದು, ಎರಡು ಫ್ಯೂಸಿನದು, ಕಡಿಮೆ ಕಾಲಿನದು, ಜಾಸ್ತಿ ಕಾಲಿನದು ಅಂತ ಹಲವು ಬಗೆ ಇವೆ. ಎಂಜಿನ್ ಯಾವುದು, ಯಾವ ಸೌಲಭ್ಯಗಳಿವೆ ಅನ್ನುವುದರ ಮೇಲೆ ಬದಲಾಗುತ್ತದೆ. ಫೋಟೋ ನೋಡಿ ಕೊಳ್ಳುವಂಥದ್ದಲ್ಲ, ನಂಬರ್ ನೋಡಿ ಕೊಳ್ಳಬೇಕಾದದ್ದು.

ನಂಬರ್ ಡಬ್ಬಿಯ ಮೇಲೇ ಇರುತ್ತದೆ. ಮರ್ಸಿಡಿಸ್ ಭಾಗಗಳಲ್ಲಿ ಮೊದಲ ಮೂರು ಅಂಕಿ ಸಾಮಾನ್ಯವಾಗಿ ಆ ಭಾಗ ಯಾವ ಸರಣಿಗೆ ಮೊದಲು ಹುಟ್ಟಿತು ಅಂತ ಹೇಳುತ್ತದೆ. ನನ್ನ ರಿಲೇಯ ನಂಬರ್ 201ರಿಂದ ಶುರು. 201 ಅನ್ನುವುದು ಮರ್ಸಿಡಿಸ್ 190 ಅನ್ನುವ ಚಿಕ್ಕ ಕಾರಿನ ಸರಣಿ, ಅಂದರೆ ರಿಲೇ ಅದರಿಂದ ಬಂದದ್ದು. ಹೀಗಾಗಿ 124ಕ್ಕೆ ಅಂತ ಮಾತ್ರ ಹುಡುಕಿದರೆ ಅರ್ಧ ಭಾಗಗಳು ಕಣ್ಣಿಗೇ ಬೀಳುವುದಿಲ್ಲ. ಬಿಎಂಡಬ್ಲ್ಯೂನಲ್ಲಿ 11 ಅಂಕಿಯ ನಂಬರ್ ಇದ್ದು, ಮೊದಲ ಎರಡು ಅಂಕಿ ಅದು ಯಾವ ಗುಂಪಿನ ಭಾಗ ಅಂತ ಹೇಳುತ್ತವೆ. 11 ಎಂಜಿನ್, 34 ಬ್ರೇಕ್. ಫೋಕ್ಸ್‌ವ್ಯಾಗನ್ ಮತ್ತು ಆಡಿಯಲ್ಲಿ ಕೊನೆಯ ಅಕ್ಷರ ಬಹಳ ಮುಖ್ಯ. ಅದು ಬದಲಾದರೆ ಒಳಗೆ ಏನೋ ಬದಲಾಗಿದೆ ಅಂತ. ಜತೆಗೆ ಹಳೆ ನಂಬರ್ ನಿಂತುಹೋಗಿ ಅದರ ಜಾಗಕ್ಕೆ ಹೊಸದು ಬಂದಿರುತ್ತದೆ. ಚಾಸಿ ನಂಬರ್ ಕೊಟ್ಟು ಡೀಲರ್ ಕೌಂಟರ್‌ನಲ್ಲಿ ವಿಚಾರಿಸಿದಾಗ ಈಗ ನಡೆಯುತ್ತಿರುವ ನಂಬರ್ ಸಿಕ್ಕಿತು. ಭಾಗವೂ ಇನ್ನೂ ತಯಾರಾಗುತ್ತಿತ್ತು. ಮರ್ಸಿಡಿಸ್‌ಗೆ ಜರ್ಮನಿಯ ಫೆಲ್‌ಬಾಕ್‌ನಲ್ಲಿ ಹಳೆ ಕಾರುಗಳಿಗೆಂದೇ 1993ರಿಂದ ಕ್ಲಾಸಿಕ್ ಸೆಂಟರ್ ಇದೆ. ಮಾಡುವುದನ್ನು ನಿಲ್ಲಿಸಿ ದಶಕಗಳಾದ ಕಾರಿಗೆ ಹೊಸ ಡಬ್ಬಿ ಕೈಗೆ ಬಂದಾಗ ಆದ ಸಂತೋಷ ಹೇಳತೀರದು.

ಆ ಮೂರು ತಿಂಗಳಲ್ಲಿ ಬೇಸತ್ತು ಒಂದು ಯೋಚನೆ ಮಾಡಿದ್ದೆ. ಕೆಇ ಪೂರ್ತಿ ಕಿತ್ತುಹಾಕಿ ಕಂಪ್ಯೂಟರಿನಿಂದ ಹೊಂದಿಸುವ ಹೊಸ ಇಂಜೆಕ್ಷನ್ ಕೂರಿಸಿಬಿಡೋಣ ಅಂತ. ಹಾಗೆ ಮಾಡಿದವರಿದ್ದಾರೆ, ಚೆನ್ನಾಗಿಯೂ ಓಡುತ್ತವೆ. ಆದರೆ ಒಂದು ಬಿರುಕಿಗಾಗಿ ಆ ತಟ್ಟೆಯನ್ನು ಬಿಸಾಡುವವನಿದ್ದೆನಲ್ಲ ಅಂತ ಈಗ ಎದೆ ಝಲ್ಲೆನ್ನುತ್ತದೆ. ಬದಲಿಗೆ ಸಣ್ಣ ಸುಧಾರಣೆಗಳನ್ನು ಮಾಡಿದೆ. ಹಳೆ ಪೆಟ್ರೋಲ್ ಹೋಸ್ ತೆಗೆದು, ಎಥನಾಲ್ ಬೆರೆತ ಪೆಟ್ರೋಲ್ ಮತ್ತು ಇಂಜೆಕ್ಷನ್‌ನ ಒತ್ತಡ ಎರಡನ್ನೂ ತಡೆಯುವಂಥದ್ದು ಹಾಕಿದೆ. ಎಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿ ಹೊಸದು. ಫ್ಯೂಸ್ ಪೆಟ್ಟಿಗೆಯಲ್ಲಿ ಗುಂಡಿನಾಕಾರದ ಹಳೆ ಅಲ್ಯೂಮಿನಿಯಂ ಫ್ಯೂಸ್‌ಗಳ ತುದಿ ಮಸುಕಾಗಿತ್ತು. ಎಲ್ಲಕ್ಕೂ ತಾಮ್ರದ್ದು ಹಾಕಿದೆ. ಹಿಂದಿನ ದೀಪಕ್ಕೆ ಎಲ್‌ಇಡಿ ಬೇಡ ಅಂತ ಬಿಟ್ಟೆ. ಬಲ್ಬ್ ಸುಟ್ಟಿದೆಯಾ ಅಂತ ಕರೆಂಟ್ ಅಳೆದು ನೋಡುವ ಯೂನಿಟ್ ಈ ಕಾರಿನಲ್ಲಿದೆ. ಎಲ್‌ಇಡಿ ಎಳೆಯುವ ಸ್ವಲ್ಪ ಕರೆಂಟ್ ನೋಡಿ ಅದು ಬಲ್ಬೇ ಇಲ್ಲ ಅಂತ ದೂರುತ್ತದೆ.

ಹೊಸ ರಿಲೇ ಹಾಕಿದ ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್‌ಗೆ ಕೀ ತಿರುಗಿಸಿದೆ. ಹಳದಿ ದೀಪ ಹತ್ತಿತು, ಹತ್ತಲೇಬೇಕು. ಎಂಜಿನ್ ಹಿಡಿದುಕೊಂಡ ಕೂಡಲೇ ಆರಿತು. ಮುಳ್ಳು ಸ್ವಲ್ಪ ಮೇಲೆ ನಿಂತು, ಬಿಸಿಯಾಗುತ್ತಾ ಬಂದಂತೆ ಮೆಲ್ಲಗೆ 800ಕ್ಕೆ ಇಳಿದು ಅಲ್ಲೇ ಕೂತಿತು. ನಾನು ಬೆಸೆದ ಹಳೆ ಡಬ್ಬಿಗೆ ಒಂದು ಟೇಪ್ ಅಂಟಿಸಿ, ತಾರೀಖು ಬರೆದು, ಬಟ್ಟೆಯಲ್ಲಿ ಸುತ್ತಿ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟೆ. ಆಮೇಲೆ ಆ ಹಿರಿಯರಿಗೆ ಫೋನ್ ಮಾಡಿ, ಏನೂ ಮಾತಾಡದೆ, ಐಡಲ್ ಶಬ್ದವನ್ನು ಕೇಳಿಸಿದೆ.