ಹದಿನೇಳು ಸ್ಟಿಕ್ಕರ್

ಇವತ್ತು ಸಂಜೆ ಬನಶಂಕರೀಲಿ ಮೆಟ್ರೋ ಹತ್ತಿ ಕೂತ್ವಿ, ಮಗಳು ಫೋನ್ ನನ್ ಕೈಗೆ ಕೊಟ್ಟು ಕಿಟಕಿ ಕಡೆ ತಿರುಗಿಬಿಟ್ಲು.

ಕ್ಲಾಸ್ ಗ್ರೂಪ್. ಯಾವತ್ತೋ ಲಂಚ್ ಟೈಮಲ್ಲಿ ಬಾಯ್ತುಂಬ ಚಿತ್ರಾನ್ನ ಇಟ್ಕೊಂಡು ಕಣ್ ಮುಚ್ಚಿರೋ ಅವಳ ಫೋಟೋನ ಯಾರೋ ಕತ್ತರಿಸಿ ಸ್ಟಿಕ್ಕರ್ ಮಾಡಿದಾರೆ, ಇವಳು ಏನೇ ಬರೆದ್ರೂ ಕೆಳಗೆ ಅದೇ, ಹೋಮ್‌ವರ್ಕ್ ಏನು ಅಂತ ಕೇಳಿದ್ರೂ ಅದೇ, ಎಣಿಸ್ತಾ ಹೋದೆ, 17ಕ್ಕೆ ನಿಲ್ಲಿಸ್ದೆ.

ಬಾಯಿಗೆ ಮೊದ್ಲು ಬಂದಿದ್ದು "ಇನ್ಮೇಲೆ ಫೋನೇ ಬೇಡ" ಅಂತ. ನುಂಗ್ಕೊಂಡೆ. ತಪ್ಪು ಮಾಡಿದ್ದು ಅವರು, ಫೋನ್ ಹೋಗೋದು ಇವಳ್ದು ಅಂದ್ರೆ ಮುಂದಿನ ಸಲ ನನ್ ಹತ್ರ ಹೇಳ್ತಾಳಾ?

"ನಂಗೆ ತೋರಿಸಿದ್ದು ಒಳ್ಳೇದಾಯ್ತು ಪುಟ್ಟಿ" ಅಂದೆ, ಅಷ್ಟೇ. ಲಾಲ್‌ಬಾಗ್ ಬರೋವರ್ಗೂ ಸುಮ್ನೆ ಕೂತಿದ್ವಿ. ಆಮೇಲೆ ಇಬ್ರೂ ಸೇರಿ ಸ್ಕ್ರೀನ್‌ಶಾಟ್ ತಗೊಂಡ್ವಿ, ತಾರೀಖು ಟೈಮ್ ಎಲ್ಲ ಕಾಣೋ ಹಾಗೆ. ಡಿಲೀಟ್ ಮಾಡ್ಬಿಡೋಣ ಅಂದ್ಲು, ಬೇಡ ಸಾಕ್ಷಿ ಇರ್ಲಿ, ವಾಪಸ್ ಬೈದು ಬರೆಯೋದೂ ಬೇಡ ಅಂದೆ. ನಾಳೆ ಕ್ಲಾಸ್ ಟೀಚರ್ ಹತ್ರ ಹೋಗ್ತೀನಿ, ಪೇರೆಂಟ್ಸ್ ಗ್ರೂಪಲ್ಲಿ ಜಗಳ ಆಡಲ್ಲ. (ಬೆದರಿಕೆ, ಕೆಟ್ಟ ಫೋಟೋ, ಆ ಥರ ಏನಾದ್ರೂ ಇದ್ರೆ ನೀವ್ಯಾರೂ ಕಾಯ್ಬೇಡಿ, ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆ, ಫ್ರೀ. ಮಕ್ಕಳೇ ಫೋನ್ ಮಾಡಬಹುದು.)

ಮನೆಗೆ ಬಂದು ತೊಳೆಯೋಕೆ ಅಂತ ಅವಳ ಡಬ್ಬಿ ತೆಗೆದೆ.

ಬೆಳಿಗ್ಗೆ ಹಾಕಿ ಕಳ್ಸಿದ್ದ ಚಿತ್ರಾನ್ನ, ಒಂದು ಅಗುಳೂ ಮುಟ್ಟಿಲ್ಲ. ಅವಳಿಗೆ ಪ್ರಾಣ ಅದು.