ಮಗಳ ಕೈಗೆ ಒಗ್ಗುವ ಪಾಸೋವರ್ ಕೈಕೆಲಸ: ಇಲ್ಲಿಯವರೆಗೆ ಆಗಿದ್ದು

ಪಾಸೋವರ್ ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಯಹೂದಿ ಹಬ್ಬ. ಅದರ ಮೊದಲ ರಾತ್ರಿ ಕತೆ ಹೇಳುತ್ತಾ ಕ್ರಮವಾಗಿ ಮಾಡುವ ಸೇಡರ್ ಊಟ ಈ ವರ್ಷ ಏಪ್ರಿಲ್ 1ರ ಸಂಜೆ. ನಮ್ಮ ಯಜಮಾನರು ಯಹೂದಿ ಮನೆತನದವರು. ಹಾಗಾಗಿ ನ್ಯೂಜೆರ್ಸಿಯ ಈ ಮನೆಯಲ್ಲಿ ಯುಗಾದಿಯ ಬೆನ್ನಿಗೇ ಪಾಸೋವರ್ ಬರುತ್ತದೆ. ಆರು ವರ್ಷದ ಮಗಳಿಗೆ ಆಟಿಸಂ ಇದೆ. ಬೆರಳಿಗೆ ಅಂಟು ತಾಗಿದರೆ ಅವಳಿಗೆ ಸಹಿಸೋಕೆ ಆಗಲ್ಲ, ದಿಢೀರ್ ಸದ್ದು ಬಂದರೂ ಅಷ್ಟೇ. ತಂಪಾದ, ನುಣುಪಾದ ವಸ್ತು ಕೊಟ್ಟರೆ ಮಾತ್ರ ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ. ಅದಕ್ಕೇ ಈ ಸಲ ಅವಳ ಕೈಗೆ ಯಾವುದು ಹಿತವೋ ಅದನ್ನೇ ಮೊದಲು ನೋಡಿದೆವು. ಏನು ಮಾಡುವುದು ಅನ್ನೋದು ಆಮೇಲೆ.

ಪೂರಿಮ್ (ಪಾಸೋವರ್‌ಗೆ ಸುಮಾರು ಒಂದು ತಿಂಗಳ ಮುಂಚಿನ ಯಹೂದಿ ಹಬ್ಬ) ಮುಗಿದ ವಾರ

ಮೊದಲು ಆಟದ ಹಿಟ್ಟು. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯ ನೀರು ಸೇರಿ ಹುದುಗಿದರೆ ಅದು ಹಮೇಟ್ಸ್. ಹಬ್ಬದಲ್ಲಿ ತಿನ್ನೋದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಅಂಗಡಿಯ ಆಟದ ಹಿಟ್ಟಿನಲ್ಲಿ ಸಾಮಾನ್ಯವಾಗಿ ಗೋಧಿಯೇ ಇರುತ್ತದಲ್ವಾ, ಅದನ್ನೂ ತೆಗೆದೆವು.

ಬದಲಿಗೆ 2 ಕಪ್ ಬೇಕಿಂಗ್ ಸೋಡಾ, 1 ಕಪ್ ಕಾರ್ನ್‌ಸ್ಟಾರ್ಚ್, ಒಂದೂಕಾಲು ಕಪ್ ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಮುದ್ದೆಯ ಹದಕ್ಕೆ ಬಂದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಆರಿಸಬೇಕು. ನಮ್ಮತ್ತೆಯವರ ಕಡೆ, ಅಂದರೆ ಅಷ್ಕೆನಾಜಿಗಳಲ್ಲಿ (ಯುರೋಪ್ ಮೂಲದ ಯಹೂದಿಗಳಲ್ಲಿ), ಹಬ್ಬದ ದಿನಗಳಲ್ಲಿ ಮೆಕ್ಕೆಜೋಳದ್ದು ತಿನ್ನುವುದಿಲ್ಲ. ಆದರೆ ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಈ ಹಿಟ್ಟು ತಣ್ಣಗೆ, ನಯವಾಗಿ ಇರುತ್ತದೆ, ಬೆರಳಿಗೆ ಮೆತ್ತಿಕೊಳ್ಳುವುದಿಲ್ಲ. ಮಗಳು ಅದರಲ್ಲಿ ಕಪ್ಪೆಗಳನ್ನು ಮಾಡಿದಳು. ಹಬ್ಬದ ಕತೆಯಲ್ಲಿ ಈಜಿಪ್ಟಿನ ಮೇಲೆ ದೇವರು ತಂದ ಹತ್ತು ಪಿಡುಗುಗಳಲ್ಲಿ ಎರಡನೆಯದು ಕಪ್ಪೆ. ಉಳಿದ ಒಂಬತ್ತರ ಬಗ್ಗೆ ಅವಳಿಗೆ ಸದ್ಯ ಆಸಕ್ತಿ ಇಲ್ಲ, ನಾನೂ ಒತ್ತಾಯ ಮಾಡಿಲ್ಲ.

ಯುಗಾದಿ ಆದ ಮೇಲೆ

ಮಟ್ಜಾ, ಅಂದರೆ ಹುದುಗಿಸದ ಚಪ್ಪಟೆ ರೊಟ್ಟಿ, ಮುಚ್ಚುವ ಬಟ್ಟೆ. ಸೇಡರ್ ಮೇಜಿನ ಮೇಲೆ ಮೂರು ಮಟ್ಜಾ ಒಂದರ ಮೇಲೊಂದು ಇಡುತ್ತಾರೆ, ನಡುವಿನದನ್ನು ಮುರಿದು ಒಂದು ತುಂಡನ್ನು ಅಫಿಕೋಮನ್ (ಊಟದ ಕೊನೆಗೆ ತಿನ್ನುವ ತುಂಡು) ಅಂತ ಬಚ್ಚಿಡುತ್ತಾರೆ. ಅಂಗಡಿಯಲ್ಲಿ ಸಿಗುವ ಹೊದಿಕೆಗಳಲ್ಲಿ ಸ್ಯಾಟಿನ್, ಜರಿ, ಚುಚ್ಚುವ ಕಸೂತಿಯೇ ಜಾಸ್ತಿ. ಅಮ್ಮನ ಹಳೇ ಕಾಟನ್ ಸೀರೆ ನನ್ನ ಹತ್ತಿರ ಇತ್ತು, ಒಗೆದು ಒಗೆದು ಬೆಣ್ಣೆಯಂತಾಗಿದೆ. ಅದನ್ನೇ ಪದರ ಪದರ ಇಟ್ಟು, ನಮ್ಮೂರಿನ ಕೌದಿಯ ಥರ ಉದ್ದುದ್ದ ಹೊಲಿಗೆ ಹಾಕಿ, ಮೂರು ಖಾನೆ ಮಾಡಿದೆ. ಗಂಟುಗಳೆಲ್ಲ ಒಳಗೆ. ಅಂಚನ್ನೂ ಒಳಕ್ಕೇ ಮಡಿಸಿದ್ದೇನೆ. ದಾರದ ಬಣ್ಣ ಮಗಳದ್ದೇ ಆಯ್ಕೆ, ಪ್ರತಿ ಸಾಲೂ ಹಳದಿ. ಹೊಲಿಯುವಾಗ ಸಾಲಿನ ಮೇಲೆ ಬೆರಳು ಎಳೆಯುತ್ತಾ ನನ್ನ ಪಕ್ಕದಲ್ಲೇ ಕೂತಿದ್ದಳು. ಇಷ್ಟು ಖುಷಿ ಕೊಟ್ಟ ಹೊಲಿಗೆ ಬೇರೆ ಇಲ್ಲ.

ಈ ವಾರ

ಇಬ್ಭಾಗವಾಗುವ ಸಮುದ್ರ, ಈಜಿಪ್ಟಿನಿಂದ ಹೊರಟವರಿಗೆ ದಾರಿ ಬಿಟ್ಟದ್ದು ಅಂತ ಕತೆಯಲ್ಲಿ ಬರುವುದು. ದಪ್ಪ ಜಿಪ್ ಚೀಲಕ್ಕೆ ಪಾರದರ್ಶಕ ಹೇರ್ ಜೆಲ್, ಎರಡು ಹನಿ ನೀಲಿ ಬಣ್ಣ. ಗಾಳಿ ತೆಗೆದು, ಬಾಯಿಗೆ ಅಗಲ ಟೇಪ್ ಸುತ್ತಿ, ಕಿಟಕಿಯ ಗಾಜಿಗೆ ಅಂಟಿಸಿದೆವು. ಮೇಲಿನಿಂದ ಕೆಳಕ್ಕೆ ಬೆರಳು ಒತ್ತಿ ಎಳೆದರೆ ನೀಲಿ ಎರಡೂ ಕಡೆ ಸರಿದು ನಡುವೆ ಬೆಳಕಿನ ದಾರಿ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಕೈ ಒದ್ದೆಯಾಗುವುದಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅಲ್ಲಿಗೇ ಹೋಗುತ್ತಾಳೆ.

ಪಿಡುಗುಗಳ ಹೆಸರು ಹೇಳುವಾಗ ವೈನ್‌ನಲ್ಲಿ ಬೆರಳದ್ದಿ ಹನಿ ತೆಗೆಯುವುದು ಪದ್ಧತಿ. ಅವಳ ದ್ರಾಕ್ಷಿ ರಸಕ್ಕೆ ಡ್ರಾಪರ್ ತಂದಿದ್ದೇನೆ.

ಸೇಡರ್‌ನ 15 ಹಂತಗಳಿಗೆ ಚಿತ್ರದ ಕಾರ್ಡ್ ತಯಾರಾಗುತ್ತಿದೆ. ವೆಲ್ಕ್ರೋ ಕೀಳುವ ಸದ್ದು ಅವಳಿಗೆ ಹಿಂಸೆ, ಅದಕ್ಕೆ ಆಯಸ್ಕಾಂತ ಹಚ್ಚುತ್ತಿದ್ದೇನೆ. ಮುಗಿದ ಹಂತದ ಕಾರ್ಡನ್ನು ಅವಳೇ ತೆಗೆದಿಡಬಹುದು, ಇನ್ನೆಷ್ಟು ಬಾಕಿ ಅಂತ ಕಾಣುತ್ತಿರುತ್ತದೆ. ಮನೆಯ ಕಿರಿಯ ಮಗು ಕೇಳಬೇಕಾದ ನಾಲ್ಕು ಪ್ರಶ್ನೆಗಳಿಗೂ ಒಂದೊಂದು ಕಾರ್ಡ್. ಅವಳು ಮಾತಾಡುವುದು ಕಡಿಮೆ, ಕಾರ್ಡ್ ಎತ್ತಿ ತೋರಿಸುತ್ತಾಳೆ. ಸೇಡರ್‌ನಲ್ಲಿ ಓದುವ ಪುಸ್ತಕ ಹಗ್ಗಾದಾದಲ್ಲಿ ಬರುವ ನಾಲ್ಕು ಮಕ್ಕಳಲ್ಲಿ ಒಬ್ಬನಿಗೆ ಪ್ರಶ್ನೆ ಕೇಳಲು ಬರುವುದಿಲ್ಲ, ಅವನಿಗೆ ನೀನೇ ಮಾತು ಶುರು ಮಾಡು ಅಂತ ಅಲ್ಲೇ ಹೇಳಿದೆ. ಆ ಸಾಲು ಓದಿದಾಗಲೆಲ್ಲ ಈ ಮೇಜಿನಲ್ಲಿ ನನ್ನ ಮಗಳಿಗೂ ಮೊದಲಿನಿಂದಲೇ ಜಾಗ ಇಟ್ಟಿದ್ದಾರೆ ಅನಿಸುತ್ತದೆ.

ಬಾಕಿ ಇರುವುದು

ಹಬ್ಬದ ಹಿಂದಿನ ರಾತ್ರಿ ಮೇಣದಬತ್ತಿ, ಗರಿ, ಮರದ ಚಮಚ ಹಿಡಿದು ಮನೆಯಲ್ಲಿ ಹಮೇಟ್ಸ್ ಉಳಿದಿದೆಯೇ ಅಂತ, ಮೊದಲೇ ಅಲ್ಲಲ್ಲಿ ಇಟ್ಟ ಬ್ರೆಡ್ ಚೂರು ಹುಡುಕುವ ಪದ್ಧತಿ ಇದೆ. ಗರಿ ಅವಳಿಗೆ ಕಚಗುಳಿಯಾಗುತ್ತದೆ, ಮೆತ್ತನೆಯ ಅಗಲ ಬಣ್ಣದ ಬ್ರಷ್ ಕೊಡುತ್ತೇನೆ. ಬತ್ತಿ ಅವರಪ್ಪನ ಕೈಯಲ್ಲಿ, ಅವಳಿಗೆ ಚಿಕ್ಕ ಟಾರ್ಚ್. ಬ್ರೆಡ್ ಚೂರುಗಳನ್ನು ಕಾಗದದಲ್ಲಿ ಸುತ್ತಿ ಅವಳ ಕಣ್ಣಿನ ಎತ್ತರಕ್ಕೆ ಇಡಬೇಕು. ಇನ್ನು ಹೊಂದಿಸಬೇಕಾದದ್ದು ಕಾರ್ಡಿನ ಹಲಗೆ, ಮತ್ತು ಮೇಜಿನ ಹತ್ತಿರ ಅವಳ ಇಯರ್‌ಮಫ್ ನೇತುಹಾಕಲು ಒಂದು ಕೊಕ್ಕೆ.